ಅರ್ಧದಲ್ಲಿ ನಿಂತ ಹಡಗು

ಬಟ್ಟೆಯ ಬೀರುವಿನ ನೆತ್ತಿಯ ಮೇಲೋ, ಬರೆಯುವ ಮೇಜಿನ ಕೆಳಗೋ, ಹಳೆಯ ಪಂಚೆಯೊಂದನ್ನು ಹೊದ್ದು ಕುಳಿತ ಅರೆಬರೆ ಹಡಗು; ಪಕ್ಕೆಲುಬುಗಳೆಲ್ಲ ನೆಟ್ಟಗೆ ನಿಂತಿವೆ, ಒಂದು ಮಗ್ಗುಲಿಗೆ ಐದಾರು ಹಲಗೆಗಳು ಹತ್ತಿವೆ, ಇನ್ನೊಂದು ಮಗ್ಗುಲು ಬರಿದಾಗಿಯೇ ಉಳಿದಿದೆ: ಮರದ ಮಾದರಿ ಹಡಗುಗಳನ್ನು ಕಟ್ಟುವ ಹವ್ಯಾಸವುಳ್ಳವರ ಮನೆಗಳಲ್ಲಿ ಇಂಥದೊಂದು ದೃಶ್ಯ ಇಲ್ಲದಿರುವುದು ಅಪೂರ್ವವೆಂದೇ ಹೇಳಬೇಕು. ಅದನ್ನು ಕಟ್ಟತೊಡಗಿದವರು ಮೊದಮೊದಲು ಅದರ ಕಡೆ ಸಂಕೋಚದಿಂದ ನೋಡುತ್ತಾರೆ; ಬಳಿಕ ನೋಡುವುದನ್ನೇ ಬಿಡುತ್ತಾರೆ; ಮನೆಯ ಹಿರಿಯರು ಆರಂಭಶೂರತನವೆಂಬ ಒಂದೇ ಮಾತಿನಿಂದ ಅದರ ಚರಿತ್ರೆಯನ್ನು ಮುಗಿಸಿಬಿಡುತ್ತಾರೆ. ಈ ತೀರ್ಪು ಬಹುಮಟ್ಟಿಗೆ ಅನ್ಯಾಯವಾದುದೆಂದು ನನ್ನ ದೃಢವಾದ ಅಭಿಪ್ರಾಯ. ಹೆಚ್ಚಿನ ಸಂದರ್ಭಗಳಲ್ಲಿ ಮೊದಲು ನಿಲ್ಲುವುದು ಕೈ. ಮುಂದಿನ ಒಂದು ಚಲನೆ ಯಾವುದೆಂಬುದು ಅದಕ್ಕೆ ತಿಳಿಯದೆ ಹೋಗುತ್ತದೆ. ಉತ್ಸಾಹ ಬತ್ತುವುದು ಆಮೇಲಿನ ಮಾತು. ಆದುದರಿಂದ ನಿಂತುಹೋದ ಕೆಲಸಕ್ಕೆ ಮರಳಬಯಸುವವರು ತಮ್ಮ ಮನಸ್ಸನ್ನು ಹುರಿದುಂಬಿಸಿಕೊಳ್ಳುವ ಪ್ರಯತ್ನವನ್ನು ಸ್ವಲ್ಪ ಹೊತ್ತು ಬದಿಗಿರಿಸಿ, ಕೆಲಸ ನಿಖರವಾಗಿ ಎಲ್ಲಿ ತಡೆದು ನಿಂತಿದೆ ಎಂಬುದನ್ನು ಕಣ್ಣಿಟ್ಟು ಪರೀಕ್ಷಿಸುವುದೇ ಮೊದಲ ಕರ್ತವ್ಯ.

ಹಡಗು ನಿಲ್ಲುವುದು ಅವಮಾನದ ವಿಷಯವಲ್ಲ ಎಂಬುದಕ್ಕೆ ನಿಜವಾದ ಹಡಗುಗಳ ಚರಿತ್ರೆಯೇ ಸಾಕ್ಷಿ. ಮಾದರಿಕಾರರು ಜಗತ್ತಿನಾದ್ಯಂತ ಅತ್ಯಂತ ಪ್ರೀತಿಯಿಂದ ಕಟ್ಟುವ ಹಡಗುಗಳಲ್ಲೊಂದು ಇಂಗ್ಲೆಂಡಿನ 'ವಿಕ್ಟರಿ'. 1805ರ ಟ್ರಫಾಲ್ಗರ್ ಯುದ್ಧದಲ್ಲಿ 104 ಫಿರಂಗಿಗಳನ್ನು ಹೊತ್ತು ನೆಲ್ಸನ್ನನ ಧ್ವಜನೌಕೆಯಾಗಿದ್ದ ಇದು ಇಂದಿಗೂ ಪೋರ್ಟ್ಸ್‌ಮತ್ತಿನ ಒಣಕಟ್ಟೆಯಲ್ಲಿ ನಿಂತಿದೆ. ಥಾಮಸ್ ಸ್ಲೇಡನು ವಿನ್ಯಾಸಗೊಳಿಸಿದ ಈ ನೌಕೆಗೆ ಚಾಟಮ್ ಬಂದರಿನ ಕಟ್ಟೆಯಲ್ಲಿ 1759ರ ಜುಲೈ ತಿಂಗಳಲ್ಲಿ ತಳದ ಬೆನ್ನುಮರವನ್ನು ಇಟ್ಟರು. ಓಕ್ ಮರದ ಪಕ್ಕೆಲುಬುಗಳೆಲ್ಲ ಎದ್ದು ನಿಂತ ಮೇಲೆ ಏಳು ವರ್ಷಗಳ ಯುದ್ಧ ಮುಕ್ತಾಯದ ಕಡೆಗೆ ವಾಲಿತು, ಅವಸರ ತಗ್ಗಿತು, ಸಾಮಾನ್ಯವಾಗಿ ಕೆಲವು ತಿಂಗಳು ಮಾತ್ರ ಗಾಳಿಗೆ ಒಡ್ಡಿ ಒಣಗಿಸುವ ಆ ಅಸ್ಥಿಪಂಜರ ಸುಮಾರು ಮೂರು ವರ್ಷಗಳ ಕಾಲ ಹಾಗೆಯೇ ನಿಂತಿದ್ದಿತು. 1765ರ ಮೇ ತಿಂಗಳಲ್ಲಿ ನೀರಿಗಿಳಿದ ಬಳಿಕವೂ 1778ರವರೆಗೆ ಅದಕ್ಕೆ ಸೇವೆಯ ಕರೆ ಬರಲಿಲ್ಲ. ಈ ದೀರ್ಘವಾದ ತಡೆಯಲ್ಲಿ ಮರ ಚೆನ್ನಾಗಿ ಹದಗೊಂಡುದೇ ಹಡಗಿನ ದೀರ್ಘಾಯುಷ್ಯಕ್ಕೆ ಒಂದು ಕಾರಣವೆಂದು ನೌಕಾಚರಿತ್ರಕಾರರು ಹೇಳುತ್ತಾರೆ. ನಮ್ಮ ಪಶ್ಚಿಮ ತೀರದಲ್ಲಿಯೇ ಹುಟ್ಟಿದ ಇನ್ನೊಂದು ಹಡಗಿನ ಕಥೆ ಮತ್ತೂ ಸ್ವಾರಸ್ಯವಾದುದು. ಮುಂಬಯಿಯ ವಾಡಿಯಾ ಮನೆತನದ ಪಾರ್ಸಿ ಶಿಲ್ಪಿಗಳು ಮಲಬಾರಿನ ಸಾಗುವಾನಿಯಿಂದ ಕಟ್ಟಿದ 'ಟ್ರಿಂಕೊಮಲಿ' ಎಂಬ ಯುದ್ಧನೌಕೆಗೆ 1812ರಲ್ಲಿಯೇ ಆಜ್ಞೆಯಾಗಿದ್ದಿತು. ಆದರೆ ಅದರ ನಕ್ಷೆಗಳನ್ನು ಹೊತ್ತು ಹೊರಟ 'ಜಾವಾ' ನೌಕೆ ಅದೇ ವರ್ಷದ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದಾಚೆ ಅಮೆರಿಕದ 'ಕಾನ್‌ಸ್ಟಿಟ್ಯೂಷನ್' ನೌಕೆಗೆ ಸೋತು ನಾಶವಾಯಿತು. ಬೇರೆ ನಕ್ಷೆಗಳು ಬರಬೇಕಾಯಿತು. ಕೆಲಸ 1816ರಲ್ಲಿ ತೊಡಗಿ, 1817ರ ಅಕ್ಟೋಬರಿನಲ್ಲಿ ಹಡಗು ನೀರು ಕಂಡಿತು. ಇಂದು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಅದು ಇನ್ನೂ ತೇಲುತ್ತಿದೆ.

ಈ ಎರಡು ಹಡಗುಗಳ ಕೆಲಸವೂ ತಡೆಯಿತು. ಆದರೆ ತಡೆದ ಅವಧಿಯಲ್ಲಿ ಕೆಲಸ ಕೆಡಲಿಲ್ಲ. ನಮ್ಮ ಮೇಜಿನ ಮೇಲಿನ ಹಡಗಿಗೂ ಹೀಗೆ ಕೆಡದೆ ನಿಲ್ಲುವ ವ್ಯವಸ್ಥೆ ಬೇಕು. ಕೆಲಸ ಬಿಡುವುದೆಂದು ತೋರಿದ ದಿನವೇ ಅರ್ಧ ಗಂಟೆಯನ್ನು ಅದಕ್ಕಾಗಿ ಮೀಸಲಿಟ್ಟು, ಬಿಡಿ ಭಾಗಗಳನ್ನು ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಹಾಕಿ ಪ್ರತಿಯೊಂದರ ಮೇಲೂ ಅದು ಏನು, ನಕ್ಷೆಯ ಯಾವ ಸಂಖ್ಯೆಗೆ ಸೇರಿದುದು ಎಂಬುದನ್ನು ಬರೆಯಬೇಕು. ಮರದ ಪಟ್ಟಿಗಳನ್ನು ಗೋಡೆಗೆ ಒರಗಿಸದೆ ಸಪಾಟಾದ ಹಲಗೆಯ ಮೇಲೆ ಮಲಗಿಸಿ ಕಟ್ಟಿಡಬೇಕು, ಇಲ್ಲವಾದರೆ ಒಂದು ಮಳೆಗಾಲ ಕಳೆಯುವುದರೊಳಗೆ ಅವು ಬಿಲ್ಲಾಗುತ್ತವೆ. ಹಡಗನ್ನು ಧೂಳು ನುಸುಳದ ಡಬ್ಬಿಯಲ್ಲಿ, ಕರಾವಳಿ ಮಲೆನಾಡುಗಳವರಾದರೆ ತೇವ ಹೀರುವ ಸಿಲಿಕಾ ಪೊಟ್ಟಣಗಳೊಡನೆ ಇಡಬೇಕು. ಎಲ್ಲಕ್ಕಿಂತ ಮುಖ್ಯವಾದುದು ಒಂದು ನೋಟುಪುಸ್ತಕ. ಇಂದು ಏನು ಮಾಡಿದೆ, ಯಾವ ಅಂಟನ್ನು ಎಲ್ಲಿ ಬಳಸಿದೆ, ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಬೆರೆಸಿದೆ, ನಾಳೆ ಮಾಡಬೇಕಾದ ಮೊದಲ ಕೆಲಸ ಯಾವುದು ಎಂಬ ನಾಲ್ಕು ಸಾಲುಗಳು ಅದರಲ್ಲಿದ್ದರೆ, ವರ್ಷದ ಮೇಲೆ ಮರಳಿ ಬಂದವನು ಅಪರಿಚಿತನ ಮನೆಗೆ ಬಂದಂತೆ ತಡವರಿಸಬೇಕಾಗುವುದಿಲ್ಲ. ಎಷ್ಟೋ ಮಾದರಿಗಳು ಎರಡನೆಯ ಸಲ ಕೈಬಿಟ್ಟುಹೋಗುವುದು, ಎಲ್ಲಿಗೆ ನಿಲ್ಲಿಸಿದ್ದೆವೆಂಬುದನ್ನು ಹುಡುಕುವುದರಲ್ಲಿಯೇ ಮೊದಲ ಸಂಜೆ ಕಳೆದುಹೋಗುವುದರಿಂದ.

ಈಗ ತಡೆ ಎಲ್ಲಿದೆ ಎಂಬ ಪ್ರಶ್ನೆ. ಮರದ ಹಡಗುಗಳಲ್ಲಿ ಅತ್ಯಂತ ಹೆಚ್ಚು ಮಂದಿ ನಿಲ್ಲುವ ಸ್ಥಳ ಒಂದೇ: ಹಲಗೆ ಹೊದಿಸುವಿಕೆ. ಅಡ್ಡಪಕ್ಕೆಗಳನ್ನು ಬೆನ್ನುಹಲಗೆಗೆ ಜೋಡಿಸುವುದು ಸುಲಭ. ಕಿಟ್ಟಿನಲ್ಲಿ ಎಲ್ಲವನ್ನೂ ಕತ್ತರಿಸಿಯೇ ಕೊಟ್ಟಿರುತ್ತಾರೆ, ಒಂದೆರಡು ಸಂಜೆಗಳಲ್ಲಿ ಹಡಗಿನ ಆಕಾರ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಮೊದಲ ಮೂರು ನಾಲ್ಕು ಪಟ್ಟಿಗಳು ನೇರವಾಗಿ ಕೂರುತ್ತವೆ. ಐದನೆಯದು ಮೂತಿಯ ಬಳಿ ಮೇಲಕ್ಕೆ ಏರತೊಡಗುತ್ತದೆ, ಆರನೆಯದು ಐದನೆಯದರ ಮೇಲೆ ಹತ್ತುತ್ತದೆ, ಬಲವಂತವಾಗಿ ಕೆಳಗಿಳಿಸಿದರೆ ಅಂಚು ಮಗುಚಿ ನಿಲ್ಲುತ್ತದೆ. ಕಟ್ಟುವವನು ತನ್ನ ಕೈಚಳಕವನ್ನು ಸಂದೇಹಿಸತೊಡಗುವುದು ಇಲ್ಲಿಂದ. ಆದರೆ ಇಲ್ಲಿ ದೋಷ ಕೈಯದಲ್ಲ, ಲೆಕ್ಕದ್ದು. ಹಡಗಿನ ಹೊಟ್ಟೆ ಅಗಲವಾಗಿದೆ, ಮೂತಿ ಕಿರಿದಾಗಿದೆ; ಅಷ್ಟೇ ಸಂಖ್ಯೆಯ ಹಲಗೆಗಳು ಎರಡು ಕಡೆಯೂ ಹಿಡಿಸಬೇಕಾದರೆ ಮೂತಿಯ ಕಡೆ ಪ್ರತಿಯೊಂದು ಹಲಗೆಯೂ ಸಪುರವಾಗಲೇಬೇಕು.

ಲೆಕ್ಕ ಮಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಿಂತ ಹಡಗುಗಳಲ್ಲಿ ಎಷ್ಟೋ ಇದೊಂದರಿಂದಲೇ ಮತ್ತೆ ಚಲಿಸಬಲ್ಲವು. ಕಾಗದದ ಒಂದು ಸಣ್ಣ ಪಟ್ಟಿಯನ್ನು ತೆಗೆದುಕೊಂಡು ಹಡಗಿನ ನಡುವೆ, ಅತ್ಯಂತ ಅಗಲವಾದ ಅಡ್ಡಪಕ್ಕೆಯ ಅಂಚಿನ ಮೇಲೆ, ಹಲಗೆ ಹೊದಿಸಬೇಕಾದ ಮೇಲಿನ ಗೆರೆಯಿಂದ ಕೆಳಗಿನ ಬೆನ್ನುಮರದವರೆಗೆ ಒತ್ತಿ ಗುರುತು ಮಾಡಿ, ಅದನ್ನು ಬಿಡಿಸಿ ಅಳೆಯಬೇಕು. ಅದು 120 ಮಿಲಿಮೀಟರ್ ಇದ್ದು, ಪಟ್ಟಿಯ ಅಗಲ 5 ಮಿಲಿಮೀಟರ್ ಆದರೆ 24 ಹಲಗೆಗಳು ಬೇಕು. ಇದೇ ರೀತಿ ಮೂತಿಯ ಬಳಿಯ ಪಕ್ಕೆಯನ್ನೂ ಅಳೆದಾಗ ಅಲ್ಲಿ 72 ಮಿಲಿಮೀಟರ್ ಮಾತ್ರ ಇದ್ದರೆ, ಆ 24 ಹಲಗೆಗಳಲ್ಲಿ ಒಂದೊಂದಕ್ಕೂ ಸಿಗುವ ಜಾಗ 3 ಮಿಲಿಮೀಟರ್. ಅಂದರೆ 5ರ ಪಟ್ಟಿಯನ್ನು ನಡುವಿನಿಂದ ಮೂತಿಯವರೆಗೆ ಕ್ರಮಕ್ರಮವಾಗಿ 3ಕ್ಕೆ ಇಳಿಸಬೇಕು. ಉಕ್ಕಿನ ಅಳತೆಪಟ್ಟಿಯನ್ನು ಓರೆಯಾಗಿ ಇಟ್ಟು ಹರಿತವಾದ ಚಾಕುವಿನಿಂದ ಒಂದೇ ಅಂಚನ್ನು ಕೊಯ್ದು, ಉಪ್ಪುಕಾಗದದಿಂದ ತಿದ್ದಿದರೆ ಆಯಿತು. ಅರ್ಧಕ್ಕಿಂತ ಕಡಿಮೆಗೆ ಇಳಿಸಬೇಕಾದ ಪ್ರಸಂಗ ಬಂದರೆ ಸಪುರ ತುದಿ ಒಡೆದುಹೋಗುವುದರಿಂದ, ಎರಡು ಹಲಗೆಗಳು ಒಂದಾಗಿ ಮುಗಿಯುವಂತೆ ಕೆಳಗಿನ ಕಡೆ ಜೋಡಿಸಬೇಕು. ಹಿಂಭಾಗದಲ್ಲಿ ಇದಕ್ಕೆ ವಿರುದ್ಧವಾಗಿ, ಜಾಗ ಹೆಚ್ಚಾದಲ್ಲಿ ತ್ರಿಕೋಣಾಕಾರದ ತುಂಡೊಂದನ್ನು ನಡುವೆ ಸೇರಿಸಬೇಕು. ಇವೆರಡೂ ನಿಜವಾದ ನೌಕಾಶಿಲ್ಪಿಗಳು ಅನುಸರಿಸುತ್ತಿದ್ದ ಕ್ರಮಗಳೇ. ಅಂಟು ಹಾಕುವ ಮುನ್ನ ಪ್ರತಿ ಪಟ್ಟಿಯನ್ನೂ ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ನೆನೆಸಿ, ಹಡಗಿಗೇ ಒತ್ತಿ ಕ್ಲಿಪ್ಪು ಹಾಕಿ ರಾತ್ರಿಯೆಲ್ಲ ಒಣಗಲು ಬಿಟ್ಟರೆ, ಬೆಳಗ್ಗೆ ಅದು ಬಾಗಿದ ಆಕಾರವನ್ನೇ ಹಿಡಿದಿರುತ್ತದೆ. ಎಡಕ್ಕೆ ಒಂದು, ಬಲಕ್ಕೆ ಒಂದು ಎಂದು ಸರದಿಯಂತೆ ಹೊದಿಸಬೇಕು. ಒಂದೇ ಮಗ್ಗುಲನ್ನು ಮುಗಿಸಹೊರಟರೆ ಒಣಗುವ ಅಂಟಿನ ಸೆಳೆತಕ್ಕೆ ಬೆನ್ನುಹಲಗೆಯೇ ತಿರುಚಿಕೊಳ್ಳುವುದುಂಟು. ಇನ್ನೊಂದು ಅಂಶ: ಪಟ್ಟಿ ಪಕ್ಕೆಯ ಅಂಚಿಗೆ ಪೂರ್ತಿಯಾಗಿ ತಾಗದೆ ಒಂದು ಮೂಲೆಯನ್ನು ಮಾತ್ರ ಮುಟ್ಟುತ್ತಿದ್ದರೆ, ಹಲಗೆಯನ್ನು ದೂರದೆ ಪಕ್ಕೆಯ ಅಂಚನ್ನು ಉಪ್ಪುಕಾಗದ ಸುತ್ತಿದ ಕೋಲಿನಿಂದ ಓರೆಯಾಗಿ ಉಜ್ಜಬೇಕು.

ಕೆಲವರಿಗೆ ಲೆಕ್ಕ ತಿಳಿದಿದ್ದರೂ ಕೈ ಮುಂದಕ್ಕೆ ಬಾರದು. ಇಲ್ಲಿ ತಡೆಯುವುದು ಭಯ, ಇದುವರೆಗೆ ಕಟ್ಟಿದುದು ಕೆಟ್ಟುಹೋದೀತೆಂಬ ಭಯ. ಕೆಲಸ ಚೆನ್ನಾಗಿ ಸಾಗಿದಷ್ಟೂ ಈ ಭಯ ಹೆಚ್ಚುತ್ತದೆ, ಏಕೆಂದರೆ ಕಳೆದುಕೊಳ್ಳುವುದಕ್ಕೆ ಇರುವುದೂ ಹೆಚ್ಚುತ್ತದೆ. ಇದಕ್ಕೆ ಧೈರ್ಯವಚನಗಳಿಗಿಂತ ವಸ್ತುಗಳ ಗುಣಧರ್ಮದ ತಿಳಿವಳಿಕೆಯೇ ಒಳ್ಳೆಯ ಔಷಧ. ಬಡಗಿಗಳು ಬಳಸುವ ಫೆವಿಕಾಲ್ ಜಾತಿಯ ಬಿಳಿ ಅಂಟು ಒಣಗಿದ ಮೇಲೂ ಶಾಶ್ವತವಲ್ಲ. ಐಸೊಪ್ರೊಪೈಲ್ ಆಲ್ಕೊಹಾಲನ್ನು ಕುಂಚದಿಂದ ಸಂದಿಗೆ ಹಚ್ಚಿ ಸ್ವಲ್ಪ ಹೊತ್ತು ಕಾದರೆ ಅದು ಮೆದುವಾಗಿ, ತೆಳ್ಳನೆಯ ಅಲಗನ್ನು ತೂರಿಸಿ ಹಲಗೆಯನ್ನು ಎಬ್ಬಿಸಬಹುದು. ಕ್ಷಣಮಾತ್ರದಲ್ಲಿ ಹಿಡಿಯುವ ಫೆವಿಕ್ವಿಕ್ ಮೊದಲಾದ ಅಂಟುಗಳಿಗೆ ಅಸಿಟೋನ್ ಇದೆ. ಎರಡೂ ಬೇಗ ಹೊತ್ತಿಕೊಳ್ಳುವ ದ್ರವಗಳಾದುದರಿಂದ ಕಿಟಕಿ ತೆರೆದಿರಬೇಕು, ಹತ್ತಿರ ದೀಪ ಒಲೆಗಳಿರಬಾರದು. ಹಾಕಿದುದನ್ನು ತೆಗೆಯಬಹುದೆಂಬ ನಂಬಿಕೆ ಮನಸ್ಸಿಗೆ ಬಂದೊಡನೆ ಕೈ ಹಗುರವಾಗುತ್ತದೆ. ಯಾವುದನ್ನು ತೆಗೆಯಲಾಗದೋ, ಬಣ್ಣ, ವಾರ್ನಿಷ್, ಫಿರಂಗಿಯ ಕಿಂಡಿಗಳನ್ನು ಕೊರೆಯುವುದು ಇತ್ಯಾದಿ, ಅದನ್ನು ಮೊದಲು ಉಳಿಕೆ ಮರದ ತುಂಡಿನ ಮೇಲೆ, ಅದೇ ಉಪಕರಣದಿಂದ, ಅದೇ ಕೈಯಿಂದ ಮಾಡಿ ನೋಡತಕ್ಕದ್ದು.

ಎರಡನೆಯ ದೊಡ್ಡ ತಡೆ ಬರುವುದು ಹಗ್ಗಗಳ ಕಾಲಕ್ಕೆ. 'ವಿಕ್ಟರಿ'ಯಲ್ಲಿ ಒಟ್ಟು 26 ಮೈಲಿಗಳಷ್ಟು ಹಗ್ಗವಿದ್ದಿತೆಂದು ಹೇಳುತ್ತಾರೆ. ಮಾದರಿಯಲ್ಲಿ ಅದರ ಬಹುಭಾಗವನ್ನು ಬಿಟ್ಟರೂ, ಹಾಯಿಕಂಬಗಳನ್ನು ಎರಡು ಬದಿಗಳಿಂದ ಬಿಗಿದು ಹಿಡಿಯುವ ಶ್ರೌಡ್ ಹಗ್ಗಗಳಿಗೆ ಅಡ್ಡವಾಗಿ ನಾವಿಕರು ಹತ್ತುವ ಹಗ್ಗದ ಮೆಟ್ಟಿಲುಗಳನ್ನು ಕಟ್ಟುವುದು ತಪ್ಪುವುದಿಲ್ಲ. ಒಂದೊಂದು ಸಂಧಿಯಲ್ಲಿಯೂ ಒಂದೊಂದು ಗಂಟು. ಅಂಥ ಗಂಟುಗಳು ದೊಡ್ಡ ಹಡಗಿನಲ್ಲಿ ಸಾವಿರಗಟ್ಟಲೆ. ಇಲ್ಲಿ ತಿಳಿಯದಿರುವುದು ಏನೂ ಇಲ್ಲ. ಗಂಟು ಹಾಕುವುದನ್ನು ಹತ್ತು ನಿಮಿಷದಲ್ಲಿ ಕಲಿಯಬಹುದು. ಆದರೆ ಮುಗಿಯದಿರುವಿಕೆಯ ಭಾರ ಮನಸ್ಸನ್ನು ಕುಗ್ಗಿಸುತ್ತದೆ. ನಿಜವಾದ ಹಡಗಿನಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ 13ರಿಂದ 15 ಅಂಗುಲದ ಅಂತರ. ಎಪ್ಪತ್ತೆರಡರಲ್ಲಿ ಒಂದರ ಪ್ರಮಾಣದ ಮಾದರಿಯಲ್ಲಿ ಅದು ಹೆಚ್ಚುಕಡಿಮೆ 5 ಮಿಲಿಮೀಟರ್. ಆದುದರಿಂದ ಶಾಲಾಮಕ್ಕಳ ಗ್ರಾಫ್ ಕಾಗದದ ಮೇಲೆ ಐದೈದು ಮಿಲಿಮೀಟರಿಗೆ ಕಪ್ಪು ಗೆರೆ ಎಳೆದು, ಶ್ರೌಡ್‌ಗಳ ಹಿಂದೆ ಅದನ್ನು ಸಿಕ್ಕಿಸಿ ನಿಲ್ಲಿಸಿದರೆ, ಪ್ರತಿಸಲ ಅಳೆಯುವ ಬೇಸರ ತಪ್ಪಿಹೋಗುತ್ತದೆ. ಕಣ್ಣು ಗೆರೆಯನ್ನು ಹಿಡಿಯುತ್ತದೆ, ಬೆರಳು ದಾರವನ್ನು ಹಿಡಿಯುತ್ತದೆ. ದಾರವನ್ನು ಮೊದಲೇ ಜೇನುಮೇಣದ ತುಂಡಿನ ಮೇಲೆ ಎರಡು ಸಲ ಎಳೆದಿದ್ದರೆ ಅದರ ನವಿರು ಕೂದಲುಗಳು ಅಡಗಿ, ಗಂಟು ಜಾರದೆ ನಿಲ್ಲುತ್ತದೆ. ತುದಿಯ ಗಂಟುಗಳಿಗೆ ಕ್ಲೋವ್ ಹಿಚ್ ಆಗಲಿ ಬೇರೆ ಗಂಟಾಗಲಿ, ನೀರು ಬೆರೆಸಿದ ಬಿಳಿ ಅಂಟಿನ ಒಂದು ಹನಿ ಸಾಕು. ಕ್ಷಣದ ಅಂಟು ದಾರವನ್ನು ಒರಟುಮಾಡಿ ಮುರಿಯುವಂತೆ ಮಾಡುತ್ತದೆ. ಒಂದು ಪಕ್ಕದಲ್ಲಿ ಕೆಲವು ಸಾಲು, ಇನ್ನೊಂದು ಪಕ್ಕದಲ್ಲಿ ಅಷ್ಟೇ ಸಾಲು ಎಂದು ಕಟ್ಟಿದರೆ ಹಾಯಿಕಂಬ ಒಂದು ಕಡೆಗೆ ವಾಲುವುದಿಲ್ಲ. ಹೀಗೆ ಕೆಲವು ಸಂಜೆಗಳು ಕಳೆದ ಮೇಲೆ, ಮಲ್ಲಿಗೆಯ ದಂಡೆ ಕಟ್ಟುತ್ತ ಮಾತಾಡುವವರ ಬೆರಳುಗಳಂತೆ, ಬೆರಳುಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡತೊಡಗುತ್ತವೆ. ರೇಡಿಯೋದಲ್ಲಿ ಸಂಗೀತ ಕೇಳುತ್ತಲೋ ಮನೆಯವರೊಡನೆ ಹರಟುತ್ತಲೋ ಕಟ್ಟಬಹುದಾದ ಈ ಭಾಗವನ್ನು ಬಹುಮಂದಿ ಆಮೇಲೆ ಹಡಗಿನ ಅತ್ಯಂತ ಸುಖದ ಭಾಗವೆಂದು ನೆನೆಯುವುದನ್ನು ಕೇಳಿದ್ದೇನೆ.

ಇಂಥ ಪುನರಾವರ್ತನೆಯ ಕೆಲಸಕ್ಕೆ ದಿನದ ಮಿತಿ ಇರಬೇಕು. ಆ ಮಿತಿ ಹೊತ್ತಿನದಾಗುವುದಕ್ಕಿಂತ ಕೆಲಸದ್ದಾಗಿರುವುದು ಲೇಸು. ಇಂದು ಐದು ಸಾಲು ಎಂದುಕೊಂಡವನು ಐದು ಸಾಲಿಗೆ ಎದ್ದುಬಿಡಬೇಕು, ಇನ್ನೂ ಆಸೆಯಿದ್ದರೂ. ಏಳುವ ಮುನ್ನ ಆರನೆಯ ಸಾಲಿನ ದಾರವನ್ನು ಕತ್ತರಿಸಿ, ಮೇಣ ಹಚ್ಚಿ, ಮೊದಲ ಗಂಟನ್ನು ಸಡಿಲವಾಗಿ ಹಾಕಿ ಬಿಟ್ಟಿದ್ದರೆ ಮರುದಿನ ಕುಳಿತೊಡನೆ ಕೆಲಸ ತಾನೇ ಕೈಗೆ ಬರುತ್ತದೆ. ಇದು ಕೇವಲ ಹಳೆಯ ಕುಶಲಕರ್ಮಿಗಳ ಅನುಭವವಲ್ಲ. ಬರ್ಲಿನ್ನಿನಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ನರ ಶಿಷ್ಯೆಯಾಗಿದ್ದ ಮರಿಯಾ ಓವ್ಸಿಯಾಂಕಿನಾ 1928ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೈಯಲ್ಲಿದ್ದ ಸಣ್ಣ ಕೆಲಸವನ್ನು ನಡುವೆ ತಡೆದಾಗ, ಯಾರೂ ಹೇಳದಿದ್ದರೂ, ಯಾವ ಬಹುಮಾನವಿಲ್ಲದಿದ್ದರೂ, ಹೆಚ್ಚಿನವರು ತಾವಾಗಿಯೇ ಮರಳಿ ಅದನ್ನು ಎತ್ತಿಕೊಂಡರೆಂಬುದು ಕಂಡುಬಂದಿತು. ಶುರುವಾದುದನ್ನು ಮುಗಿಸಬೇಕೆಂಬ ಸೆಳೆತ ಮನುಷ್ಯನ ಸ್ವಭಾವದಲ್ಲಿಯೇ ಇದೆ. ಎಳೆಯ ತುದಿ ಕಣ್ಣೆದುರಿಗೆ ಇರಬೇಕಷ್ಟೆ. ಅಟ್ಟ ಸೇರಿದ ಹಡಗಿಗೆ ಈ ಸೆಳೆತ ತಲಪುವುದಿಲ್ಲ. ಆದುದರಿಂದ ಮನೆಯಲ್ಲಿ ಸ್ಥಳವಿರುವವರು, ಒಂದು ಮೂಲೆಯಲ್ಲಿ ಕಿರಿದಾದ ಮೇಜನ್ನಾದರೂ ಇದೊಂದಕ್ಕೇ ಮೀಸಲಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸ್ಥಳವಿಲ್ಲದವರಿಗೆ ಒಂದು ಅಗಲವಾದ ತಟ್ಟೆ ಸಾಕು: ಹಡಗಿನ ಒಂದು ಭಾಗ, ಬೇಕಾದ ಮೂರು ಉಪಕರಣ, ಅಂಟು; ಎತ್ತಿದರೆ ಎತ್ತಿದಂತೆಯೇ ಬರಬೇಕು. ಡಬ್ಬಿಗಳನ್ನು ಹೊರತೆಗೆದು ಜೋಡಿಸುವುದಕ್ಕೆ ಕಾಲು ಗಂಟೆ ಬೇಕಾದರೆ, ಕಚೇರಿಯಿಂದ ದಣಿದು ಬಂದವನು ಕುಳಿತುಕೊಳ್ಳುವುದೇ ಇಲ್ಲ.

ಮೂರನೆಯ ತಡೆ ಹೆಚ್ಚು ಗಂಭೀರವಾದುದು: ಹಿಡಿದ ಕೆಲಸವೇ ತನ್ನ ಈಗಿನ ಶಕ್ತಿಗೂ ವಿರಾಮಕ್ಕೂ ಮೀರಿದುದೆಂಬ ಅರಿವು. ಮೊದಲ ಮಾದರಿಗೇ ನೂರು ಫಿರಂಗಿಯ ಹಡಗನ್ನು ಆರಿಸಿಕೊಂಡವರಿಗೆ ಇದು ಬರುವುದು ಸಹಜ. ಎಪ್ಪತ್ತೆರಡರಲ್ಲಿ ಒಂದರ ಪ್ರಮಾಣದಲ್ಲಿ 'ವಿಕ್ಟರಿ'ಯ ಒಡಲೇ ಒಂದು ಮೀಟರಿಗೆ ಹತ್ತಿರವಾಗುತ್ತದೆ, ವರ್ಷಗಳನ್ನೇ ಕೇಳುತ್ತದೆ. ಇಲ್ಲಿ ಹಲ್ಲು ಕಚ್ಚಿ ಮುಂದುವರಿಯುವುದೊಂದೇ ಮಾರ್ಗವಲ್ಲ. ಪೂರ್ಣತೆಯ ಕಲ್ಪನೆಯನ್ನೇ ಬದಲಿಸಿಕೊಳ್ಳಬಹುದು, ಅದಕ್ಕೆ ಗೌರವಾನ್ವಿತವಾದ ಪರಂಪರೆಯೂ ಇದೆ. ಹದಿನೇಳನೆಯ ಶತಮಾನದ ನಡುಭಾಗದಿಂದ ಇಂಗ್ಲೆಂಡಿನಲ್ಲಿ ನೌಕಾಮಂಡಲಿಯ ಮಾದರಿಗಳೆಂದು ಹೆಸರಾದ ಹಡಗುಗಳನ್ನು ಕಟ್ಟುತ್ತಿದ್ದರು. ಒಂದು ಅಡಿಗೆ ಕಾಲು ಅಂಗುಲದ ಪ್ರಮಾಣದ, ಅಂದರೆ ನಲವತ್ತೆಂಟರಲ್ಲಿ ಒಂದರ ಈ ಮಾದರಿಗಳಲ್ಲಿ ನೀರಿನ ಗೆರೆಯ ಕೆಳಗೆ ಹಲಗೆಯನ್ನೇ ಹೊದಿಸದೆ, ಪಕ್ಕೆಲುಬುಗಳ ಸಾಲು ಬರಿಗಣ್ಣಿಗೆ ಕಾಣುವಂತೆ ಬಿಡುವುದು ವಾಡಿಕೆ. ಅನೇಕಕ್ಕೆ ಹಾಯಿಕಂಬಗಳೂ ಇಲ್ಲ. ಗ್ರಿನಿಚ್ಚಿನ ರಾಷ್ಟ್ರೀಯ ನೌಕಾ ಸಂಗ್ರಹಾಲಯದಲ್ಲಿಯೂ ಅಮೆರಿಕದ ಅನಾಪೊಲಿಸಿನ ನೌಕಾ ಅಕಾಡೆಮಿಯಲ್ಲಿಯೂ ಇಂದು ಇವು ಅಮೂಲ್ಯ ವಸ್ತುಗಳಾಗಿ ಗಾಜಿನೊಳಗೆ ನಿಂತಿವೆ. ಒಳಗಿನ ರಚನೆ ಅಂದವಾಗಿ ಬಂದಿದ್ದರೆ ಒಂದು ಮಗ್ಗುಲಿಗೆ ಮಾತ್ರ ಹಲಗೆ ಹೊದಿಸಿ, ಇನ್ನೊಂದನ್ನು ತೆರೆದಿಟ್ಟು, ಹಾಯಿಗಳಿಲ್ಲದೆ ಒಡಲನ್ನಷ್ಟೇ ಪೀಠದ ಮೇಲೆ ನಿಲ್ಲಿಸಿದರೆ ಅದು ಅಪೂರ್ಣ ಹಡಗಲ್ಲ, ಬೇರೊಂದು ಬಗೆಯ ಪೂರ್ಣ ಹಡಗು. ಕಂಬಗಳನ್ನು ಅಡಿಗಂಬಗಳವರೆಗೆ ಮಾತ್ರ ಏರಿಸಿ ನಿಲ್ಲಿಸುವುದೂ ಉಂಟು. ಹಡಗನ್ನು ಉದ್ದಕ್ಕೆ ಸೀಳಿದಂತೆ ಅರ್ಧವನ್ನು ಮಾತ್ರ ಮಾಡಿ ಹಲಗೆಗೆ ಬಡಿದು ಗೋಡೆಗೆ ತೂಗುಹಾಕುವ ಪದ್ಧತಿ ನೌಕಾಶಿಲ್ಪಿಗಳದ್ದೇ. ಹಡಗಿನ ಆಕಾರವನ್ನು ಮೊದಲು ಅಂಥ ಅರ್ಧಮಾದರಿಯಲ್ಲಿ ಕೆತ್ತಿ, ಅದರಿಂದ ಅಳತೆ ಎತ್ತುತ್ತಿದ್ದರು.

ದೊಡ್ಡ ಹಡಗು ನಿಂತಿರುವಾಗ ಪಕ್ಕದಲ್ಲಿ ಸಣ್ಣದೊಂದನ್ನು ಕಟ್ಟುವುದನ್ನು ಕೆಲವರು ಚಂಚಲತೆಯೆಂದು ನಿಂದಿಸುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ಹಡಗಿನ ಒಂದು ದೋಣಿ, ಒಂದು ಫಿರಂಗಿಯ ಗಾಡಿ, ಒಂದು ಲಂಗರು: ವಾರದೊಳಗೆ ಮುಗಿಯುವ ವಸ್ತು ಕೈಗೆ ಮುಗಿಸುವ ರುಚಿಯನ್ನು ಮತ್ತೆ ಕೊಡುತ್ತದೆ, ಮತ್ತು ಅದನ್ನು ದೊಡ್ಡ ಹಡಗಿನಲ್ಲಿಯೇ ಇಡಬಹುದು. ಆದರೆ ಎರಡನೆಯ ದೊಡ್ಡ ಕಿಟ್ಟನ್ನು ಮಾತ್ರ ಈ ಕಾಲದಲ್ಲಿ ಕೊಳ್ಳಬಾರದು.

ಇಷ್ಟಾದ ಮೇಲೂ ಈ ಹಡಗು ತನ್ನದಲ್ಲವೆಂದು ಮನಸ್ಸು ಸ್ಪಷ್ಟವಾಗಿ ಹೇಳಿದರೆ, ಅದನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದರಲ್ಲಿ ಕುಂದೇನೂ ಇಲ್ಲ. ಚಹಾ ಹೊತ್ತು ಚೀಣಕ್ಕೂ ಲಂಡನ್ನಿಗೂ ಓಡಾಡಿದ 'ಕಟ್ಟಿ ಸಾರ್ಕ್' ಹಡಗನ್ನು ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಕಟ್ಟತೊಡಗಿದ ಸ್ಕಾಟ್ ಮತ್ತು ಲಿಂಟನ್ ಸಂಸ್ಥೆ ಕೆಲಸ ಮುಗಿಯುವ ಮುನ್ನವೇ ದಿವಾಳಿಯೆದ್ದಿತು. ಅದೇ ಊರಿನ ಡೆನ್ನಿ ಸಂಸ್ಥೆಯವರು ಉಳಿದುದನ್ನು ಮುಗಿಸಿಕೊಟ್ಟರು, 1869ರ ನವೆಂಬರಿನಲ್ಲಿ ಹಡಗು ನೀರಿಗಿಳಿಯಿತು. ಆದರೆ ಒಪ್ಪಿಸುವಾಗ ಮರ್ಯಾದೆಯಿಂದ ಒಪ್ಪಿಸಬೇಕು. ನಕ್ಷೆಯ ಎಲ್ಲ ಹಾಳೆಗಳೂ ಇರಲಿ. ಪೊಟ್ಟಣಗಳ ಮೇಲಿನ ಬರೆಹ ಓದಲು ಬರುವಂತಿರಲಿ. ಕಳೆದುಹೋದ ಭಾಗಗಳ ಪಟ್ಟಿಯನ್ನು ಮುಚ್ಚಿಡದೆ ಬರೆಯಬೇಕು. ಯಾವ ಪಕ್ಕೆ ಸ್ವಲ್ಪ ಓರೆ ಕುಳಿತಿದೆ, ಯಾವ ಹಲಗೆಯ ಕೆಳಗೆ ಯಾವ ಅಂಟಿದೆ ಎಂಬುದನ್ನು ಸೂಚಿಸಬೇಕು. ನೋಟುಪುಸ್ತಕವನ್ನು ಹಡಗಿನೊಡನೆಯೇ ಕೊಟ್ಟುಬಿಡಿ. ಹೊಸಬರು ಕೊನೆಯ ಪುಟದ ಮುಂದಿನ ಪುಟದಿಂದ ಬರೆಯತೊಡಗಲಿ.